ಮೆಟ್ಟಿಲಿನಿಂದ ಇಳಿಸಿದ ಬೊಂಬೆಗಳು

ಕಳೆದ ತಿಂಗಳು ನನ್ನ ತಂಗಿಯ ಮಗಳು ಫೋನ್ ಮಾಡಿ, "ದೊಡ್ಡಮ್ಮ, ಪಾಪುಗೆ ಪ್ರಾಣಿಗಳ ಸೆಟ್ ತರಿಸ್ಬೇಕು ಅಂತಿದೀನಿ. ಯಾವುದು ತಗೊಳ್ಳಲಿ? ನೀವು ಇದರಲ್ಲೇ ತಲೆ ಬೆಳ್ಳಗೆ ಮಾಡ್ಕೊಂಡವರಲ್ವಾ" ಎಂದಳು. ಪಾಪುವಿಗೆ ಒಂದು ವರ್ಷ ಏಳು ತಿಂಗಳು. ಅಣ್ಣನಿಗೆ ನಾಲ್ಕು ತುಂಬಿದೆ. ಡಬ್ಬಿ ಹುಡುಕಿ ಹೇಳುತ್ತೇನೆ ಎಂದೆ.

ಡಬ್ಬಿ ಎಂದರೆ ಹಿಂದೆ ಕ್ಯಾಮೆರಾಕ್ಕೆ ಹಾಕುತ್ತಿದ್ದ ರೀಲಿನ ಕಪ್ಪು ಪ್ಲಾಸ್ಟಿಕ್ ಡಬ್ಬಿ. ಚಾಮರಾಜನಗರದ ಒಂದು ಸ್ಟುಡಿಯೋದಿಂದ ಕೇಳಿ ತಂದದ್ದು. ಅದರ ಬಾಯಿಯ ಅಗಲಕ್ಕೂ ಪುಟ್ಟ ಮಗುವಿನ ಗಂಟಲಿಗೂ ಹೆಚ್ಚು ವ್ಯತ್ಯಾಸವಿಲ್ಲ ಎಂದು ಮೈಸೂರಿನಲ್ಲಿ ನಮಗೆ ತರಬೇತಿ ಕೊಟ್ಟವರು ಹೇಳಿದ್ದರು. ಬೊಂಬೆಯನ್ನೋ ಅದರಿಂದ ಕಳಚಿದ ತುಂಡನ್ನೋ ಡಬ್ಬಿಗೆ ಹಾಕಿ ನೋಡಬೇಕು. ಪೂರ್ತಿ ಒಳಗೆ ಹೋದರೆ ಮೂರು ವರ್ಷದೊಳಗಿನ ಮಗುವಿನ ಕೈಗೆ ಅದು ಬೇಡ. ಇಷ್ಟೇ ಪರೀಕ್ಷೆ. ಮಕ್ಕಳ ಬೆಳವಣಿಗೆಯ ಬಗ್ಗೆ ಎರಡು ವರ್ಷ ಓದಿ ಎಂ.ಎ. ಮಾಡಿದ್ದೆ. ಆ ಓದಿನ ಪೈಕಿ ಕೆಲಸಕ್ಕೆ ಬಂದದ್ದರಲ್ಲಿ ಹೆಚ್ಚಿನದು ಈ ಡಬ್ಬಿಯೊಳಗೆ ಹಿಡಿಯುತ್ತದೆ.

ಟ್ರಂಕಿನಲ್ಲಿ ಡಬ್ಬಿ ಸಿಕ್ಕಿತು. ಅದರ ಕೆಳಗೆ ನೀಲಿ ರಟ್ಟಿನ ಒಂದು ಸಂದರ್ಶನ ಪುಸ್ತಕವೂ ಸಿಕ್ಕಿತು. ಸಿಕ್ಕಿತು ಎಂದು ಬರೆಯುವುದೂ ಪೂರ್ತಿ ನಿಜವಲ್ಲ. ಅದು ಅಲ್ಲಿದೆ ಎಂದು ನನಗೆ ಗೊತ್ತಿತ್ತು. ಆ ಪುಸ್ತಕ ಇರಬೇಕಾಗಿದ್ದದ್ದು ಗುಂಡ್ಲುಪೇಟೆ ತಾಲ್ಲೂಕಿನ ಮದ್ದೂರಿನ ಕಡೆಯ ಒಂದು ಹಳ್ಳಿಯ ಶಿಶುಕೇಂದ್ರದಲ್ಲಿ. ಅದು ನನ್ನ ಹತ್ತಿರ ಉಳಿದದ್ದರಿಂದ ಪುಟ್ಟತಾಯಮ್ಮ ಎಂಬವರು ಕೆಲಸವನ್ನೂ ಊರಿನಲ್ಲಿದ್ದ ಹೆಸರನ್ನೂ ಕಳೆದುಕೊಂಡರು.

ನಾನು ಕೆಲಸ ಮಾಡಿದ ಸಂಸ್ಥೆಗೆ ಹೊಸದಾಗಿ ಸೇರುತ್ತಿರುವ ಮೇಲ್ವಿಚಾರಕಿಯರಿಗಾಗಿ ನಿಮ್ಮ ಅನುಭವ ಬರೆದುಕೊಡಿ ಎಂದು ಅಲ್ಲಿನವರು ಕೇಳಿ ವರ್ಷವಾಯಿತು. ಅವರಿಗೆ ಬೇಕಾದದ್ದು ಇದಲ್ಲದಿರಬಹುದು. ಬರೆಯುವ ಮೊದಲು ಒಂದು ಮಾತು. ನನ್ನ ನೆನಪನ್ನು ನಾನು ನಂಬುವುದಿಲ್ಲ. ಕೆಲಸಕ್ಕೆ ಸೇರಿದ ದಿನದಿಂದ ಡೈರಿ ಬರೆದಿದ್ದೇನೆ, ಆದ್ದರಿಂದ ನೆನಪಿಗೂ ಡೈರಿಗೂ ತಾಳೆಯಾಗದ ಕಡೆ ಹಾಗೆಂದು ಹೇಳುತ್ತೇನೆ. ಸಂಸ್ಥೆಯ ಹೆಸರನ್ನೂ ಆ ಹಳ್ಳಿಯ ಹೆಸರನ್ನೂ ಬೇಕೆಂದೇ ಬಿಟ್ಟಿದ್ದೇನೆ.

ಹೂ ಕೀಳಲು, ಅರಿಶಿನ ಅಗೆಯಲು, ಕಲ್ಲು ಕ್ವಾರಿಗೆ ಹೋಗುವ ಹೆಂಗಸರ ಮಕ್ಕಳಿಗಾಗಿ ನಮ್ಮ ಸಂಸ್ಥೆ ಚಾಮರಾಜನಗರ, ಗುಂಡ್ಲುಪೇಟೆ ತಾಲ್ಲೂಕುಗಳಲ್ಲಿ ಶಿಶುಕೇಂದ್ರಗಳನ್ನು ನಡೆಸುತ್ತಿತ್ತು. ಕೇಂದ್ರಕ್ಕೆ ಒಬ್ಬರು ಕಾರ್ಯಕರ್ತೆ. ಅವರೆಲ್ಲರ ಮೇಲೆ ನಾನು. ಆಟಿಕೆಗಳನ್ನು ಆರಿಸುವುದು, ಕೇಂದ್ರಗಳಿಗೆ ಭೇಟಿ ಕೊಡುವುದು, ಕಂಡದ್ದನ್ನು ಅಲ್ಲಿನ ಸಂದರ್ಶನ ಪುಸ್ತಕದಲ್ಲಿ ಬರೆದು ಸಹಿ ಹಾಕುವುದು ನನ್ನ ಕೆಲಸ.

ಮೊದಲ ತಪ್ಪು ಮಾಡಲು ನನಗೆ ಒಂದು ತಿಂಗಳೂ ಬೇಕಾಗಲಿಲ್ಲ. ಪ್ಲಾಸ್ಟಿಕ್ ಬೇಡ, ನಮ್ಮ ನೆಲದ ಆಟಿಕೆಯೇ ಬೇಕು ಎಂಬ ಹುಮ್ಮಸ್ಸಿನಲ್ಲಿ ಕುಂಬಾರರಿಂದ ಸುಟ್ಟ ಮಣ್ಣಿನ ಹಸು, ಕುರಿ, ಎತ್ತುಗಳನ್ನು ಮಾಡಿಸಿದೆ. ನೋಡಲು ಚೆನ್ನಾಗಿದ್ದವು. ಹದಿನೈದು ದಿನ ಬಿಟ್ಟು ಹರದನಹಳ್ಳಿಗೆ ಹೋದಾಗ ಅಲ್ಲಿನ ಕಾರ್ಯಕರ್ತೆ ಒಂದು ಹಸುವನ್ನು ಅಂಗೈ ಮೇಲಿಟ್ಟು ತಂದರು.

"ನಿಮ್ ಅಸೀನ ನೋಡಿ ಮೇಡಂ. ಐಕ್ಳು ನೆಕ್ಕಿ ನೆಕ್ಕಿ ಕೊಂಬೂ ಇಲ್ಲ, ಕಿವೀನೂ ಇಲ್ಲ. ಇನ್ನೊಂದ್ ವಾರ ಬುಟ್ಟು ಬಂದಿದ್ರೆ ಆಲೂಗೆಡ್ಡೆ ಆಗಿರದು."

ಮಣ್ಣು ತಿನ್ನುವ ಚಟದ ಮಕ್ಕಳಿಗೆ ಮಣ್ಣಿನ ಬೊಂಬೆ ಕೊಟ್ಟಿದ್ದೆ. ಪುಟ್ಟ ಮಗು ಮೊದಲು ನೋಡುವುದು ನಾಲಿಗೆಯಿಂದ ಎಂದು ಪರೀಕ್ಷೆಯಲ್ಲಿ ನಾಲ್ಕು ಪುಟ ಬರೆದು ಅಂಕ ತೆಗೆದವಳು ನಾನು.

ಎರಡನೆಯ ಪಾಠ ಪೆಟ್ಟಿಗೆಯ ಮೇಲಿನ ವಯಸ್ಸಿನ ಗುರುತಿನದು. ಸೊನ್ನೆಯಿಂದ ಮೂರು ಎಂದು ಬರೆದು, ಪಕ್ಕದಲ್ಲಿ ಒಂದು ಮಗುವಿನ ಮುಖ ಬರೆದು, ಅಡ್ಡಗೆರೆ ಎಳೆದಿರುತ್ತಾರೆ. ಆ ವಯಸ್ಸಿನವರಿಗೆ ಬೇಡ ಎಂದು ಅದರ ಅರ್ಥ. ಆ ವಯಸ್ಸಿನವರಿಗೇ ಎಂದು ಓದಿಕೊಂಡ ಅಂಗಡಿಯವರನ್ನೂ ಅಧಿಕಾರಿಗಳನ್ನೂ ಕಂಡಿದ್ದೇನೆ. ಸರಿಯಾಗಿ ಓದಿದವರದು ಇನ್ನೊಂದು ತೊಂದರೆ. ಚಂದಕವಾಡಿಯಲ್ಲಿ ಒಬ್ಬ ಅಜ್ಜ ಮೊಮ್ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದು ವಾದಿಸಿದರು.

"ಈ ನಮ್ ಐದ, ನನ್ ಮೊಮ್ಮಗ, ಬಲು ಚುರ್ಕು ಕಣವ್ವ. ಮೊಬೈಲ್ ಕೊಟ್ರೆ ಅವನೇ ತಗ್ದು ಅವನೇ ವಿಡಿಯೋ ಆಕತನ. ಡಬ್ಬದ್ ಮೇಲೆ ಮೂರು ವರ್ಸ ಅಂತ ಬರ್ದವ್ರೆ. ಇವ್ನಿಗೆ ಒಂದೂವರೆ ಆದ್ರೂ ಐದ್ ವರ್ಸದೋನ್ ಬುದ್ಧಿ ಅದ. ಕೊಡಿ ಅತ್ಲಾಗಿ."

"ಬುದ್ಧಿ ಐದು ವರ್ಷದ್ದಿರಬಹುದು ಅಜ್ಜ. ಗಂಟಲು ಒಂದೂವರೆ ವರ್ಷದ್ದೇ" ಎಂದೆ. ಈ ಉತ್ತರವನ್ನು ಮುಂದೆ ಎಷ್ಟೋ ತರಬೇತಿಗಳಲ್ಲಿ ಹೇಳಿ ನಗಿಸಿದ್ದೇನೆ. ಅದನ್ನು ಆ ಅಜ್ಜನಿಗೆ ನಿಜವಾಗಿಯೂ ಹೇಳಿದೆನೋ, ಬಸ್ಸಿನಲ್ಲಿ ವಾಪಸು ಬರುವಾಗ ಹೊಳೆಯಿತೋ ಈಗ ತಿಳಿಯದು. ಡೈರಿಯಲ್ಲಿ "ಚಂದಕವಾಡಿ. ಅಜ್ಜನೊಂದಿಗೆ ವಾದ" ಎಂದಷ್ಟೇ ಇದೆ.

ಇನ್ನು ನನ್ನ ಮೇಲಿನವರು. ಸಂಸ್ಥೆಯ ಕಾರ್ಯದರ್ಶಿಗಳು ಕೆಟ್ಟವರಲ್ಲ. ಅವರಿಗೆ ಫೋಟೋ ಬೇಕಿತ್ತು, ಅಷ್ಟೇ. ದಾನಿಗಳು ಆಟಿಕೆ ಕೊಟ್ಟರೆ ಮಕ್ಕಳು ಅದನ್ನು ಹಿಡಿದು ನಗುತ್ತಿರುವ ಫೋಟೋ ಹದಿನೈದು ದಿನದೊಳಗೆ ಅವರಿಗೆ ತಲುಪಬೇಕು. ಒಮ್ಮೆ ಕಾಡುಪ್ರಾಣಿಗಳ ಸೆಟ್ ಬಂತು. ಆನೆ, ಹುಲಿ, ಜಿರಾಫೆ, ಬಿಳಿ ಕರಡಿ. ತುಂಡುಗಳು ದೊಡ್ಡವು, ಡಬ್ಬಿಗೆ ಹೋಗುತ್ತಿರಲಿಲ್ಲ. ನಾನು ಒಪ್ಪಿಗೆ ಕೊಟ್ಟೆ. ಕಾಡಂಚಿನ ಕೇಂದ್ರವೊಂದಕ್ಕೆ ಕಾರ್ಯದರ್ಶಿಗಳೂ ನನ್ನ ಜೊತೆ ಬಂದರು. ನಾಲ್ಕೈದು ವರ್ಷದ ಹುಡುಗರು ಚಾಪೆಯನ್ನೇ ಹೊಲ ಮಾಡಿಕೊಂಡು ಒಂದು ಮೂಲೆಯಿಂದ ಆನೆಯನ್ನು ತಂದರು. ಆನೆ ಹಿಡಿದಿದ್ದವನು ಕೂಗಿದ.

"ಆನ ಬಂತು ಕಣ್ಲಾ, ತಟ್ಟೆ ಬಡೀರ್ಲಾ."

ಎಲ್ಲರೂ ಊಟದ ತಟ್ಟೆ ತಂದು ಬಡಿಯತೊಡಗಿದರು. ನನಗೆ ಅದು ಮೂವತ್ತು ವರ್ಷಗಳಲ್ಲಿ ಕಂಡ ಅತ್ಯುತ್ತಮ ಆಟಗಳಲ್ಲಿ ಒಂದು. ಕಾರ್ಯದರ್ಶಿಗಳಿಗೆ ಗದ್ದಲ. ಮಾದೇಶ ಎಂಬ ಹುಡುಗನ ಕೈಗೆ ಆನೆ ಕೊಟ್ಟು, "ಹಿಡ್ಕೊಂಡು ಸ್ವಲ್ಪ ನಗು ಮರಿ" ಎಂದರು.

"ನಗಕ್ಕಿಲ್ಲ. ನಮ್ಮಪ್ಪನ್ನ ಓಡಿಸ್ಕ ಬಂದಿತ್ತು ಇದು."

"ಇದು ಪ್ಲಾಸ್ಟಿಕ್ ಕಣಪ್ಪ."

"ಗೊತ್ತು" ಎಂದ ಮಾದೇಶ.

ಫೋಟೋದಲ್ಲಿ ಅವನು ನಗಲಿಲ್ಲ. ಪಕ್ಕದ ಹುಡುಗಿ ಬಿಳಿ ಕರಡಿ ಹಿಡಿದು ನಕ್ಕಳು, ಅವಳ ಫೋಟೋ ಹೋಯಿತು. ಅವತ್ತು ರಾತ್ರಿ, ಮಕ್ಕಳು ದಿನವೂ ಹೆದರಿಕೆಯಿಲ್ಲದೆ ನೋಡುವ ಬೊಂಬೆಗಳೇ ಬೇಕು, ಹಟ್ಟಿ, ಹಸು, ಕೋಳಿ, ಗಾಡಿ ಇರಬೇಕು ಎಂದು ಒಂದು ಉದ್ದ ಪತ್ರ ಬರೆದೆ. ಪತ್ರಕ್ಕೆ ಫಲ ಸಿಕ್ಕಿತು. ಮುಂದಿನ ವರ್ಷ ರೈತರ ಮನೆಯ ಸೆಟ್ ತರಿಸುವ ಅಧಿಕಾರವನ್ನು ನನಗೇ ಕೊಟ್ಟರು.

ಅದನ್ನು ನಾನು ಮೈಸೂರಿನಲ್ಲಿ ಮೂರು ದಿನ ಸುತ್ತಿ ಆರಿಸಿದೆ. ರೈತ, ಅವನ ಹೆಂಡತಿ, ಜೋಡಿ ಎತ್ತು, ಎಮ್ಮೆ, ಕರು, ನಾಲ್ಕು ಕುರಿ, ಗಾಡಿ, ಬೇಲಿ, ಆರು ಕೋಳಿ. ಬಣ್ಣ ಉಗುರಿಗೆ ಬರಲಿಲ್ಲ. ಅಂಚುಗಳು ಚುಚ್ಚಲಿಲ್ಲ. ಡಬ್ಬಿಗೆ ಹಾಕಿ ನೋಡಿದೆ. ಎತ್ತು ಹೋಗಲಿಲ್ಲ, ಕುರಿ ಹೋಗಲಿಲ್ಲ. ಕೋಳಿ ಸಲೀಸಾಗಿ ಹೋಯಿತು. ಪೆಟ್ಟಿಗೆಯ ಮೇಲೆ ಮೂರು ವರ್ಷ ಮೇಲ್ಪಟ್ಟವರಿಗೆ ಎಂದೇ ಇತ್ತು. ಎಲ್ಲ ಕೇಂದ್ರಗಳ ಹಾಜರಿ ಪುಸ್ತಕ ತರಿಸಿಕೊಂಡು ಒಂದೊಂದು ಮಗುವಿನ ಹುಟ್ಟಿದ ದಿನ ನೋಡಿದೆ. ಮೂರಕ್ಕಿಂತ ಕಡಿಮೆಯವರು ಒಬ್ಬರೂ ಇರಲಿಲ್ಲ. ಇರುವಂತಿಲ್ಲ ಎಂಬ ನಿಯಮವನ್ನು ಕರಡು ಮಾಡಿದವಳೂ ನಾನೇ. ಒಬ್ಬ ಕಾರ್ಯಕರ್ತೆ ಅಷ್ಟು ಚಿಕ್ಕವರನ್ನು ನಿಭಾಯಿಸಲಾಗದು ಎಂಬುದು ನನ್ನ ವಾದವಾಗಿತ್ತು. ವಾದ ಸರಿಯಾಗಿಯೇ ಇತ್ತು. ಕೋಳಿಗಳನ್ನು ಉಳಿಸಿಕೊಂಡೆ.

ನೀವು ಈ ಕೆಲಸಕ್ಕೆ ಬರುವವರು ಇಲ್ಲಿ ಸ್ವಲ್ಪ ನಿಲ್ಲಿ. ನಾನು ವಯಸ್ಸು ನೋಡಿದ್ದು ಪುಸ್ತಕದಲ್ಲಿ. ಬೊಂಬೆ ಹೋಗುವುದು ಕೋಣೆಗೆ.

ಮದ್ದೂರಿನ ಕಡೆಯ ಆ ಹಳ್ಳಿಯಲ್ಲಿ ಪುಟ್ಟತಾಯಮ್ಮ ಕಾರ್ಯಕರ್ತೆಯಾಗಿದ್ದರು. ಏಳನೆಯ ತರಗತಿ ಓದಿದ್ದರು, ನನಗಿಂತ ಎರಡು ವರ್ಷ ದೊಡ್ಡವರು. ಸೆಟ್ ತಲುಪಿಸಿದ ಮೇಲೆ ನಾನು ಅಲ್ಲಿಗೆ ಹೋದದ್ದು ಡಿಸೆಂಬರಿನಲ್ಲಿ. ಗೋಡೆಗೆ ಎತ್ತರದಲ್ಲಿ ಐದು ಹಲಗೆ ಜೋಡಿಸಿ, ಬಿಳಿ ಪಂಚೆ ಹಾಸಿ, ಇಡೀ ಸೆಟ್ಟನ್ನು ದಸರಾ ಬೊಂಬೆ ಕೂರಿಸುವ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಕೂರಿಸಿದ್ದರು. ಮೇಲಿನ ಮೆಟ್ಟಿಲಲ್ಲಿ ಪಟ್ಟದ ಬೊಂಬೆಗಳ ಜಾಗದಲ್ಲಿ ರೈತ ಮತ್ತು ಅವನ ಹೆಂಡತಿ, ಇಬ್ಬರ ಹಣೆಗೂ ಕುಂಕುಮ. ಪುಟ್ಟತಾಯಮ್ಮನವರ ಮನೆಯಲ್ಲಿ ಬೊಂಬೆ ಕೂರಿಸುವ ಪದ್ಧತಿ ಇರಲಿಲ್ಲ. ಚಿಕ್ಕಂದಿನಲ್ಲಿ ಮೈಸೂರಿನ ಒಂದು ಮನೆಯಲ್ಲಿ ಕೆಲಸಕ್ಕಿದ್ದಾಗ ನೋಡಿದ್ದರಂತೆ. ಮಕ್ಕಳು ಕೆಳಗೆ ಸಾಲಾಗಿ ಕೂತು ಕತ್ತೆತ್ತಿ ನೋಡುತ್ತಿದ್ದರು.

"ದಸರಾ ಮುಗಿದು ಎರಡು ತಿಂಗಳಾಯಿತಲ್ಲ ಪುಟ್ಟತಾಯಮ್ಮ, ಇವು ಇನ್ನೂ ಕೂತೇ ಇವೆಯಲ್ಲ" ಎಂದೆ.

"ಕೂತಿರ್ಲಿ ಬುಡಿ ಮೇಡಂ. ಎಲ್ಗೋದಾವು."

"ಮಕ್ಕಳು ಆಡುವುದು ಯಾವಾಗ?"

"ನೋಡತವಲ್ಲ. ಕುಂತಲ್ಲೇ ಎಲ್ಲ ಯೋಳ್ತವ. ಲೇ ಸಿದ್ದ, ಮೂರ್ನೇ ಮೆಟ್ಲಲ್ಲಿ ಯಾನದ?"

"ಎಮ್ಮ."

"ಅದ್ರ ಪಕ್ಕ?"

"ಕೋಳಿ."

"ನೋಡಿ. ಒಂದೂ ಕಳ್ದಿಲ್ಲ, ಒಂದೂ ಮುರ್ದಿಲ್ಲ."

ನನಗೆ ರೇಗಿತು. ಆಟಿಕೆಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕುವವರು, ತಪಾಸಣೆಯ ದಿನ ಮಾತ್ರ ಹೊರಗೆ ತೆಗೆಯುವವರು, ಪ್ಲಾಸ್ಟಿಕ್ ಕವರು ಬಿಚ್ಚದೆ ಹಾಗೇ ಕೊಡುವವರು, ಎಲ್ಲರೊಂದಿಗೂ ವರ್ಷಗಟ್ಟಲೆ ಗುದ್ದಾಡಿದ್ದೆ. ಬೊಂಬೆ ಕಳೆದರೆ ಎಲ್ಲಿ ಉತ್ತರ ಹೇಳಬೇಕಾಗುತ್ತದೋ ಎಂಬ ಭಯ ಅವರಿಗೆ. ಇವರದೂ ಅದೇ ಎಂದುಕೊಂಡೆ.

"ಬೊಂಬೆ ಇರುವುದೇ ಕಳೆಯಲಿಕ್ಕೆ, ಮುರಿಯಲಿಕ್ಕೆ. ಇಳಿಸಿ."

"ಬ್ಯಾಡಿ ಮೇಡಂ. ಮೇಲೇ ಇರ್ಲಿ. ಯಾಕ ಅಂತ ಕೇಳ್ಬ್ಯಾಡಿ."

ನಾನು ಕೇಳಲಿಲ್ಲ. ಸಂದರ್ಶನ ಪುಸ್ತಕ ತರಿಸಿ ಹೀಗೆ ಬರೆದೆ. ಈಗ ಎದುರಿಗೇ ಇರುವುದರಿಂದ ನೆನಪಿನ ಹಂಗಿಲ್ಲದೆ ನಕಲು ಮಾಡುತ್ತಿದ್ದೇನೆ. "ಆಟಿಕೆಗಳನ್ನು ಪ್ರದರ್ಶನಕ್ಕೆ ಇಟ್ಟಿರುವುದು ಕಂಡುಬಂತು. ಇಂದೇ ಕೆಳಗಿಳಿಸಿ ಮಕ್ಕಳ ಕೈಗೆಟುಕುವಂತೆ ಇಡತಕ್ಕದ್ದು. ಮುಂದಿನ ಭೇಟಿಯಲ್ಲಿ ಹೀಗೆಯೇ ಕಂಡುಬಂದಲ್ಲಿ ಕ್ರಮ ಜರುಗಿಸಲಾಗುವುದು." ಕೆಳಗೆ ನನ್ನ ಸಹಿ. ಅದರ ಕೆಳಗೆ, ಓದಿ ತಿಳಿದಿದ್ದೇನೆ ಎಂಬ ಜಾಗದಲ್ಲಿ, ಪುಟ್ಟತಾಯಮ್ಮನವರ ಸಹಿ. ನಾನು ಎದುರಿಗೆ ನಿಂತು ಎಲ್ಲವನ್ನೂ ಇಳಿಸುವಂತೆ ಮಾಡಿದೆ. ಸಿದ್ದ ಎಂಬ ಹುಡುಗ ರೈತನ ಹಣೆಯ ಕುಂಕುಮವನ್ನು ಅಂಗಿಯಲ್ಲಿ ಒರೆಸಿ, ಅವನನ್ನು ಗಾಡಿಯಲ್ಲಿ ಮಲಗಿಸಿದ. ನನಗೆ ಬಹಳ ಸಂತೋಷವಾಯಿತು.

ಯಾಕೆ ಕೇಳಬೇಡಿ ಎಂದಿದ್ದರು ಎಂಬುದು ಆಮೇಲೆ ತಿಳಿಯಿತು. ಆ ಊರಿನ ತಾಯಂದಿರು ದೊಡ್ಡ ಮಗುವಿನ ಜೊತೆ ಕೈಗೂಸನ್ನೂ ಪುಟ್ಟತಾಯಮ್ಮನ ಹತ್ತಿರವೇ ಬಿಟ್ಟು ಹೂ ಕೀಳಲು ಹೋಗುತ್ತಿದ್ದರು. ಒಂದು ವರ್ಷದ್ದು, ಒಂದೂವರೆ ವರ್ಷದ್ದು, ಒಟ್ಟು ನಾಲ್ಕೋ ಐದೋ. ಅವರು ಹಾಜರಿಯಲ್ಲಿ ಇರುವಂತಿಲ್ಲ, ಆದ್ದರಿಂದ ಇರಲಿಲ್ಲ. ನನ್ನ ಬಸ್ಸು ಊರಿಗೆ ಬಂದ ಸುದ್ದಿ ತಿಳಿದ ಕೂಡಲೇ ಅವರನ್ನು ಪಕ್ಕದ ಮನೆಗೆ ದಾಟಿಸುತ್ತಿದ್ದರು. ಮೆಟ್ಟಿಲು ಕಟ್ಟಿದ್ದು ಆ ಮಕ್ಕಳಿಗಾಗಿ. ಅದನ್ನು ನನಗೆ ಹೇಳಿದರೆ ಮಕ್ಕಳನ್ನೂ ತೋರಿಸಬೇಕಾಗುತ್ತಿತ್ತು.

ಆಮೇಲೆ ತಿಳಿಯಿತು ಎಂದೆನಲ್ಲ, ಅದನ್ನು ನಾನು ತುಂಬ ವರ್ಷ ಹಾಗೇ ನಂಬಿದ್ದೆ. ಅವತ್ತಿನ ಡೈರಿಯಲ್ಲಿ ನಾಲ್ಕು ಸಾಲುಗಳಿವೆ. ಮೂರು ನನ್ನ ಸಂತೋಷದವು. ನಾಲ್ಕನೆಯದು ಹೀಗಿದೆ: "ಹಿಂದಿನ ಕೋಣೆಯಲ್ಲಿ ತೊಲೆಗೆ ಕಟ್ಟಿದ ಸೀರೆ ಜೋಲಿ. ಕೇಳಲಿಲ್ಲ." ಮೂರು ವರ್ಷ ದಾಟಿದವರ ಕೇಂದ್ರದಲ್ಲಿ ಕೂಸಿನ ಜೋಲಿ ಯಾಕಿರುತ್ತದೆ. ನೆನಪಿನಲ್ಲಿ ಈಗ ಆ ಜೋಲಿ ಇನ್ನೂ ತೂಗುತ್ತಿದೆ. ಡೈರಿಯಲ್ಲಿ ತೂಗುತ್ತಿತ್ತು ಎಂದೇನೂ ಇಲ್ಲ.

ಹನ್ನೊಂದು ದಿನಕ್ಕೆ ಅನಾಹುತವಾಯಿತು. ನಾನು ಅಲ್ಲಿರಲಿಲ್ಲ, ಬೇರೆಯವರು ಹೇಳಿದ್ದನ್ನು ಬರೆಯುತ್ತಿದ್ದೇನೆ. ರತ್ನಮ್ಮ ಎಂಬ ಹೆಣ್ಣುಮಗಳು ಒಂದು ವರ್ಷ ಐದು ತಿಂಗಳ ಮಗಳನ್ನು ಬಿಟ್ಟು ಚೆಂಡು ಹೂವಿನ ಹೊಲಕ್ಕೆ ಹೋಗಿದ್ದಳು. ದೊಡ್ಡ ಮಕ್ಕಳು ಚಾಪೆಯ ಮೇಲೆ ಬೇಲಿ ಕಟ್ಟಿ ಕೋಳಿ ಬಿಟ್ಟಿದ್ದರು. ಪುಟ್ಟತಾಯಮ್ಮ ಅನ್ನ ಬಡಿಸಲು ತಿರುಗಿದಾಗ ಕೂಸು ಅಂಬೆಗಾಲಿನಲ್ಲಿ ಹೋಗಿ ಒಂದು ಕೋಳಿಯನ್ನು ಬಾಯಿಗೆ ಹಾಕಿಕೊಂಡಿತು. ಅಳಲಿಲ್ಲ. ಗಂಟಲು ಕಟ್ಟಿದ ಮಗು ಅಳುವುದಿಲ್ಲ, ಅದನ್ನು ನೆನಪಿಡಿ. ಸಿದ್ದ, "ಯಕ್ಕಾ, ಕೂಸು ನೀಲಿ ಆಗದ" ಎಂದು ಕೂಗಿದ. ಪುಟ್ಟತಾಯಮ್ಮ ಬೆರಳು ಹಾಕಿ ಕೆದಕಲಿಲ್ಲ. ಕೂಸನ್ನು ತೊಡೆಯ ಮೇಲೆ ಮುಖ ಕೆಳಗಾಗಿ ಮಲಗಿಸಿ, ತಲೆ ತಗ್ಗಿಸಿ, ಎರಡು ಹೆಗಲ ನಡುವೆ ಅಂಗೈಯಿಂದ ಬಲವಾಗಿ ಹೊಡೆದರು. ಐದನೆಯದಕ್ಕೋ ಆರನೆಯದಕ್ಕೋ ಕೋಳಿ ಬಂತು. ಹೂ ಸಾಗಿಸುವ ಗೂಡ್ಸ್ ಆಟೋದಲ್ಲಿ ಗುಂಡ್ಲುಪೇಟೆಗೆ ಕೂಸನ್ನು ಒಯ್ದವರೂ ಅವರೇ. ಎರಡು ದಿನ ಆಸ್ಪತ್ರೆಯಲ್ಲಿದ್ದು ಕೂಸು ಮನೆಗೆ ಬಂತು.

ಈ ಉಪಾಯವನ್ನು ಅವರಿಗೆ ನಾನು ಕಲಿಸಿರಲಿಲ್ಲ. ನಮ್ಮ ತರಬೇತಿಯಲ್ಲಿ ಅದು ಇರಲಿಲ್ಲ.

ಮರುದಿನ ನಾನು ಆ ಕೇಂದ್ರಕ್ಕೆ ಹೋದೆ. ಕಿಟಕಿಯ ಹತ್ತಿರ ಸಂದರ್ಶನ ಪುಸ್ತಕವಿತ್ತು. ಅದನ್ನು ಬ್ಯಾಗಿಗೆ ಹಾಕಿಕೊಂಡೆ. ಕಾರ್ಯದರ್ಶಿಗಳು ತರಲು ಹೇಳಿದ್ದರು ಎಂದು ನನ್ನ ನೆನಪು. ಡೈರಿಯಲ್ಲಿ ಹಾಗೆ ಯಾರೂ ಹೇಳಿಲ್ಲ.

ವಾರದ ನಂತರ ಚಾಮರಾಜನಗರದ ಕಚೇರಿಯಲ್ಲಿ ವಿಚಾರಣೆ. ಕಾರ್ಯದರ್ಶಿಗಳು, ನಾನು, ಪುಟ್ಟತಾಯಮ್ಮ, ಮೂವರೇ. ನೆನಪಿನಲ್ಲಿ ಪುಟ್ಟತಾಯಮ್ಮ ಒಂದೂ ಮಾತಾಡುವುದಿಲ್ಲ. ಕಾಲಿನ ಹೆಬ್ಬೆರಳು ನೋಡುತ್ತಾ ನಿಂತಿರುತ್ತಾರೆ. ಅವರು ಸುಮ್ಮನಿದ್ದುದರಿಂದ ನಾನೂ ಸುಮ್ಮನಿದ್ದೆ, ಹಾಗಾಗಿ ಕೆಲಸ ಹೋಯಿತು. ಈ ಚಿತ್ರವನ್ನು ಹನ್ನೊಂದು ವರ್ಷ ಕಣ್ಣೆದುರು ಇಟ್ಟುಕೊಂಡು ಬದುಕಿದ್ದೇನೆ. ಪುಸ್ತಕ ಕೈಗೆ ಬಂದ ಮೇಲೆ ಆ ದಿನದ ಡೈರಿ ತೆಗೆದು ಓದಿದೆ. ಎರಡು ಪುಟ ಬರೆದಿದ್ದೇನೆ, ಮಾತುಗಳನ್ನೂ ಬರೆದಿದ್ದೇನೆ.

"ಅಷ್ಟು ಚಿಕ್ಕ ಮಗು ಅಲ್ಲಿಗೆ ಹೇಗೆ ಬಂತು ಪುಟ್ಟತಾಯಮ್ಮ?" ಎಂದು ಕಾರ್ಯದರ್ಶಿಗಳು ಕೇಳಿದರು.

"ರತ್ನಿ ಬುಟ್ಟೋದ್ಲು ಸಾರ್. ಹೂ ಕೀಳಕ್ ಓಗ್ದೆ ಇದ್ರೆ ಉಣ್ಣಕ್ಕೆ ಯಾನ ಮಾಡಾಳು."

"ನಿಯಮ ಗೊತ್ತಿತ್ತೋ ಇಲ್ಲವೋ?"

"ಗೊತ್ತಿತ್ತು. ಅದ್ಕೇ ಬೊಂಬೆನ ಮೇಲ್ ಮಡಗಿದ್ದೆ. ಮೇಡಮ್ಮೋರು ಇಳ್ಸಿ ಅಂದ್ರು. ಬುಕ್ನಲ್ಲೂ ಬರ್ದವ್ರೆ."

ಕಾರ್ಯದರ್ಶಿಗಳು ನನ್ನ ಕಡೆ ತಿರುಗಿ, "ಆ ಬುಕ್ ಎಲ್ಲಿದೆ ಮೇಡಂ?" ಎಂದರು.

"ಕೇಂದ್ರದಲ್ಲಿ ಸಿಗಲಿಲ್ಲ ಸಾರ್" ಎಂದೆ.

"ಅಲ್ಲೇ ಇತ್ತು ಕಣಿ ಮೇಡಂ, ಕಿಟ್ಕಿ ತಾವ" ಎಂದರು ಪುಟ್ಟತಾಯಮ್ಮ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ ಎಂದು ಬರೆದಿದ್ದೇನೆ. ನಾನು ಸರಿಯಾಗಿ ಹುಡುಕಿಲ್ಲ, ಜಾಗ ಹೇಳಿದರೆ ಸಿಗುತ್ತದೆ ಎಂಬ ಹಾಗೆ ಹೇಳಿದರಂತೆ. ಪುಸ್ತಕ ನನ್ನ ಕುರ್ಚಿಯ ಕಾಲಿಗೆ ಒರಗಿಸಿದ್ದ ಬ್ಯಾಗಿನಲ್ಲಿತ್ತು.

ನಿಯಮ ಮೀರಿ ಚಿಕ್ಕ ಮಗುವನ್ನು ಸೇರಿಸಿಕೊಂಡಿದ್ದಾರೆ, ಎಚ್ಚರಿಕೆಯಿಲ್ಲದೆ ಆಟಿಕೆ ಬಿಟ್ಟಿದ್ದಾರೆ ಎಂದು ವರದಿ ತಯಾರಾಯಿತು. ಮೊದಲ ಮಾತು ನಿಜ. ಎರಡನೆಯದಕ್ಕೂ ನಾನು ಸಹಿ ಹಾಕಿದೆ. ಪುಟ್ಟತಾಯಮ್ಮನನ್ನು ಕೆಲಸದಿಂದ ತೆಗೆದರು. ಕಚೇರಿಯ ಪತ್ರವನ್ನು ಊರಿನಲ್ಲಿ ಓದಿ ಹೇಳಿದವರು ಯಾರೋ, ಪುಟ್ಟತಾಯಮ್ಮನ ಅಸಡ್ಡೆಯಿಂದ ರತ್ನಮ್ಮನ ಕೂಸು ಸಾಯುತ್ತಿತ್ತು ಎಂಬ ಮಾತು ಅಲ್ಲಿ ಉಳಿದುಹೋಯಿತು. ಅದೇ ವರ್ಷ ನನಗೆ ಬಡ್ತಿಯಾಯಿತು. ಅದರ ಬಗ್ಗೆ ಬರೆಯಲು ಏನೂ ಇಲ್ಲ.

ಆಮೇಲೆ ಪದ್ಧತಿಗಳು ಬದಲಾದವು. ಸಂಸ್ಥೆ ಪುಟ್ಟ ಬೊಂಬೆಗಳನ್ನು ತರಿಸುವುದನ್ನೇ ನಿಲ್ಲಿಸಿತು. ಈಗ ಗೋಡೆಯ ಮೇಲೆ ಕೋಳಿಯ ಚಿತ್ರವಿದೆ, ಮಕ್ಕಳು ಕೆಳಗೆ ಕೂತು ಕತ್ತೆತ್ತಿ ನೋಡುತ್ತಾರೆ. ಪುಟ್ಟತಾಯಮ್ಮ ಮಾಡಿದ್ದೂ ಅದೇ, ಅವರ ಕೋಳಿಗೆ ಬೆನ್ನೂ ಇತ್ತು ಎಂಬುದೊಂದು ವ್ಯತ್ಯಾಸ. ಕೈಗೂಸುಗಳನ್ನು ತಪಾಸಣೆಯ ದಿನ ಪಕ್ಕದ ಮನೆಗೆ ದಾಟಿಸುವುದು ನಿಂತಿದೆಯೇ ಎಂದು ನನ್ನನ್ನು ಕೇಳಬೇಡಿ. ನೀವೇ ಹಿಂದಿನ ಕೋಣೆಗೆ ಹೋಗಿ ತೊಲೆಯ ಕಡೆ ನೋಡಿ.

ತಂಗಿಯ ಮಗಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಪ್ರಾಣಿಗಳು ಐದಾರು ಸಾಕು. ಒಂದೊಂದೂ ಮಗುವಿನ ಮುಷ್ಟಿಗಿಂತ ದೊಡ್ಡದಿರಲಿ, ಒಂದೇ ಅಚ್ಚಿನಲ್ಲಿ ಮಾಡಿದ್ದಿರಲಿ. ಟೋಪಿ, ಚಕ್ರ, ಬಾಲ, ಬುಟ್ಟಿ, ಕಳಚುವುದು ಯಾವುದೂ ಬೇಡ. ಒಳಗೆ ಆಯಸ್ಕಾಂತವೋ ಗುಂಡಿಯಂಥ ಸೆಲ್ಲೋ ಇರುವುದು ಬೇಡವೇ ಬೇಡ. ಮಗು ನೋಡಿ ಗುರುತಿಸುವ ಪ್ರಾಣಿಗಳನ್ನೇ ತನ್ನಿ. ವಾರಕ್ಕೊಮ್ಮೆ ಕೊಂಬು, ಕಿವಿ ಎಳೆದು ನೋಡಿ, ಬಿರುಕು ಬಿಟ್ಟದ್ದನ್ನು ಎಸೆಯಿರಿ. ಇಷ್ಟೆಲ್ಲ ಕೇಳಿ ಅವಳು, "ಸರಿ ದೊಡ್ಡಮ್ಮ, ಪಾಪುದು ಆಯ್ತು. ದೊಡ್ಡವನ ಹತ್ರ ಆಗ್ಲೇ ಒಂದು ಡಬ್ಬ ಸಣ್ಣ ಸಣ್ಣ ಸೈನಿಕರಿದಾರೆ" ಎಂದಳು.

"ಇಬ್ಬರೂ ಆಡುವುದು ಎಲ್ಲಿ?"

"ಹಾಲ್‌ನಲ್ಲೇ, ಒಟ್ಟಿಗೆ."

ಮಗುವಿಗೆ ಎಷ್ಟು ವರ್ಷ ಎಂದು ಕೇಳಿ ಬೊಂಬೆ ಆರಿಸಬೇಡಿ. ಆ ಕೋಣೆಗೆ ಬರುವ ಅತಿ ಚಿಕ್ಕ ಮಗುವಿಗೆ ಎಷ್ಟು ಎಂದು ಕೇಳಿ. ಉತ್ತರವನ್ನು ಪುಸ್ತಕದಲ್ಲಿ ಹುಡುಕಬೇಡಿ. ನನ್ನ ಮೂವತ್ತು ವರ್ಷದ ವಿದ್ಯೆ ಈ ಮೂರು ವಾಕ್ಯ. ಇದನ್ನು ಕಲಿಸಿದವರ ಸಂಬಳ ನಿಂತಿತು, ನನಗೆ ಪಿಂಚಣಿ ಬರುತ್ತಿದೆ.

ಹೋದ ವಾರ ಪುಸ್ತಕವನ್ನು ಬ್ಯಾಗಿಗೆ ಹಾಕಿಕೊಂಡು ಗುಂಡ್ಲುಪೇಟೆಗೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಆ ಹಳ್ಳಿಗೆ ಹೋದೆ. ಪುಟ್ಟತಾಯಮ್ಮ ಬಾಗಿಲಲ್ಲಿ ಕೂತು ಹೂ ಕಟ್ಟುತ್ತಿದ್ದರು. ಕಣ್ಣು ಕಿರಿದು ಮಾಡಿ ನೋಡಿದರು.

"ಯಾರು, ಮೇಡಮ್ಮೋರಾ? ತಲೆ ಎಲ್ಲ ಬೆಳ್ಗಾಗದಲ್ಲ. ಬನ್ನಿ, ಕುಂತ್ಕಳಿ. ನಿಮ್ ಬಸ್ ಬಂದದ್ದು ಯಾರೂ ಯೋಳ್ಲೇ ಇಲ್ಲ ನೋಡಿ ನಂಗೆ."

ಟೀ ಕೊಟ್ಟರು. ಹೂವಿನ ವ್ಯಾಪಾರದ ಮಾತಾಡಿದರು. ಕೇರಳದವರು ಓಣಂಗೆ ಮಾತ್ರ ಒಳ್ಳೆ ರೇಟು ಕೊಡುತ್ತಾರಂತೆ. ನಾನು ಎದುರು ಮನೆಯ ಕಡೆ ನೋಡುತ್ತಿದ್ದುದನ್ನು ಕಂಡು ಅವರೇ ಹೇಳಿದರು.

"ರತ್ನಿ ಮನೆನೇ ಅದು. ಅವತ್ತಿಂದ ನಂಗೂ ಅವ್ಳಿಗೂ ಮಾತಿಲ್ಲ. ಆ ಕೂಸು ಈಗ ಏಳ್ನೇ ಕ್ಲಾಸು. ನಾನ್ ಇಲ್ ಕುಂತಿದ್ರೆ ಆ ಕಡೀಕ್ ಮಕ ಮಾಡ್ಕಂಡ್ ಓಗ್ತದ. ನನ್ ತೊಡೆ ಮೇಲೆ ಉಸ್ರು ಬಂದ್ ಕೂಸು ಮೇಡಂ ಅದು."

ನಾನು ಪುಸ್ತಕ ತೆಗೆದು ಆ ಪುಟವನ್ನು ಓದಿದೆ. ಆಮೇಲೆ ಡೈರಿಯ ಜೋಲಿಯ ಸಾಲು, ವಿಚಾರಣೆಯ ದಿನದ ಎರಡು ಪುಟ. ನನ್ನ ದನಿ ನಡುಗಿತು ಎಂದು ಬರೆಯಬಹುದು, ನಡುಗಲಿಲ್ಲ. ಹಾಜರಿ ಕರೆಯುವ ದನಿಯಲ್ಲಿ ಓದಿದೆ. ಅವರು ಹೂ ಕಟ್ಟುವುದನ್ನು ನಿಲ್ಲಿಸಲಿಲ್ಲ. ಮುಗಿದ ಮೇಲೆ ಕೈ ಒರೆಸಿಕೊಂಡು ಪುಸ್ತಕ ತೆಗೆದುಕೊಂಡು ತಮ್ಮ ಸಹಿಯನ್ನು ಒಂದು ಗಳಿಗೆ ನೋಡಿದರು.

"ನಂಗ್ಯಾಕ್ ಓದೀರಿ ಮೇಡಂ? ಇದೆಲ್ಲ ನಂಗ್ ಗೊತ್ತಿರದೇ. ಅವತ್ತು ಬುಕ್ಕು ನಿಮ್ ಬ್ಯಾಗಲ್ಲಿತ್ತು ಅನ್ನದೂ ಗೊತ್ತಿತ್ತು, ಮೂಲೆ ಕಾಣ್ತಿತ್ತು. ಗೊತ್ತಿಲ್ದೋರ್ಗೆ ಓದಿ. ರತ್ನಿ ಒಲದಿಂದ ನಾಕ್ ಗಂಟ್ಗೆ ಬತ್ತಳ. ಕುಂತಿರಿ, ಅವ್ಳ್ ಬಾಗ್ಲಲ್ಲಿ ನಿಂತ್ಕಂಡು ಇದನ್ನೇ ಓದಿ. ಇನ್ಯಾನೂ ಬ್ಯಾಡ ನಂಗೆ."

ಪುಸ್ತಕವನ್ನು ನನ್ನ ಕೈಗೇ ಕೊಟ್ಟರು.

ಆಗ ಮೂರೂ ಕಾಲು. ಮೂರೂವರೆಯವರೆಗೆ ಕೂತಿದ್ದೆ. ಆಮೇಲೆ, ಬಸ್ಸಿಗೆ ಹೊತ್ತಾಗುತ್ತದೆ ಪುಟ್ಟತಾಯಮ್ಮ, ಇನ್ನೊಂದು ದಿನ ಬರುತ್ತೇನೆ ಎಂದೆ. ಅವರು "ಸರಿ, ಓಗ್ಬುಟ್ಟು ಬನ್ನಿ" ಎಂದು ಹೂವಿನ ಕಡೆ ತಿರುಗಿದರು.

"ಬಸ್ಸಿಗೆ ಹೊತ್ತಾಗಿದ್ದರಿಂದ ರತ್ನಮ್ಮನನ್ನು ಕಾಣಲಾಗಲಿಲ್ಲ." ಅವತ್ತು ಡೈರಿಯಲ್ಲಿ ಬರೆದದ್ದು ಇಷ್ಟು. ಮುಂದೆ ಯಾರಾದರೂ ಅದನ್ನು ಓದಿದರೆ ನಂಬುತ್ತಾರೆ, ಹತ್ತು ವರ್ಷ ಬದುಕಿದ್ದರೆ ನಾನೂ ನಂಬುತ್ತೇನೆ. ಬಸ್ಸು ಇದ್ದದ್ದು ಐದು ಗಂಟೆಗೆ. ರಸ್ತೆಯ ಬದಿಯ ಕಟ್ಟೆಯ ಮೇಲೆ ಒಂದೂವರೆ ಗಂಟೆ ಕೂತಿದ್ದೆ. ನಾಲ್ಕರ ಹೊತ್ತಿಗೆ ಹೂ ಕಿತ್ತು ಬರುವ ಹೆಂಗಸರು ಗುಂಪಾಗಿ ನನ್ನ ಮುಂದೆಯೇ ಹಾದುಹೋದರು. ಅವರಲ್ಲಿ ಒಬ್ಬಳು, "ಯಾರವ್ವ, ಯಾರ್ ಮನೆಗ್ ಬಂದಿದ್ರಿ?" ಎಂದು ಕೇಳಿದಳು. ಯಾರ ಮನೆಗೂ ಇಲ್ಲ, ಬಸ್ಸಿಗೆ ಕಾಯುತ್ತಿದ್ದೇನೆ ಎಂದೆ. ಪುಸ್ತಕ ಬ್ಯಾಗಿನಲ್ಲಿತ್ತು.